ಎಣಿಸದ ಹಟ್ಟಿ

ಹುಕ್ಕೇರಿ
11 ಜೂನ್ 2007

ಪ್ರೀತಿಯ ಭಾಗ್ಯಾ,

ನಿಮ್ಮ ಕುರಿಗಳು ನಮ್ಮ ನೇಮಣ್ಣ ಕಾಕಾನ ಹೊಲ ಬಿಟ್ಟು ಹೋದ ಮೇಲೆ ನನ್ನ ಸಂಜೆಗಳು ಖಾಲಿ ಬಿದ್ದಿವೆ. ಬೇಸಿಗೆಯಲ್ಲಿ ನೀವು ಗೊಬ್ಬರಕ್ಕೆಂದು ಅಲ್ಲಿ ಕುರಿ ತರುಬಿ ನಿಲ್ಲಿಸಿದಾಗ ನಾನು ದಿನಾ ಬಂದು ಬದುವಿನ ಮೇಲೆ ಕುಳಿತು ಕೇಳುತ್ತಿದ್ದೆ. ನೀನು ಒಂದು ಮಾತೂ ಆಡಲಿಲ್ಲ. ಹೋಗುವ ದಿನ ಮಾತ್ರ ನನ್ನ ಕೈಗೆ ಒಂದು ಮರಿ ಕೊಟ್ಟು, "ಅಕ್ಕಾರ, ಹಿಡೀರಿ" ಅಂದೆ. ವಿಳಾಸ ಕೇಳಿದರೆ, "ಬರಿಯಾಕ ಬರತೈತ್ರಿ, ಮಾತಾಡಾಕ ಬರೂದಿಲ್ಲ" ಅಂದೆ. ಆ ಮಾತು ನೆನೆದು ನಾವು ಇನ್ನೂ ನಗುತ್ತೇವೆ.

ನನಗೆ ಕಣ್ಣು ಕಾಣದ ಕಾರಣ ಈ ಕಾಗದವನ್ನು ನನ್ನ ಅವ್ವ ಬರೆಯುತ್ತಿದ್ದಾಳೆ. ನಾನು ಹೇಳುವುದು, ಅವಳು ಬರೆಯುವುದು. ನಿನ್ನ ಉತ್ತರವನ್ನೂ ಅವಳೇ ಓದುತ್ತಾಳೆ. ಅವಳ ಮೇಲೆ ಚಾಡಿ ಹೇಳುವುದಿದ್ದರೆ ನೀನು ಬಸ್ಸು ಹತ್ತಿ ಬರಬೇಕು.

(ನಾ ಜಿನ್ನವ್ವ. ಇಕಿ ಹೇಳಿದ್ದೆಲ್ಲಾ ಬರಿಯಾಕತ್ತೇನಿ. ಆದ್ರ ನಡಕ ನಡಕ ನಂದೂ ಒಂದೆರಡು ಮಾತು ಇರತಾವು. ಕೈ ನಂದಲ್ಲ?)

ಈಗ ಕೆಲಸದ ಮಾತು. ಕಂಪ್ಯೂಟರಿನಲ್ಲಿ ಕಣ್ಣು ಕಾಣದವರು ಆಡುವ ಆಟಗಳಿವೆ. ಪರದೆ ನೋಡುವ ಕೆಲಸವಿಲ್ಲ. ಹೆಡ್‌ಫೋನ್ ಹಾಕಿಕೊಂಡು ಸಪ್ಪಳ ಕೇಳಿ ಆಡುವುದು. ಅಂಥ ಹಲವು ಆಟಗಳನ್ನು ಸೇರಿಸಿದ ಒಂದು ಕಟ್ಟಿಗೆ ನಾನೂ ಕೈ ಕೂಡಿಸಿದ್ದೇನೆ. ಅದಕ್ಕೆ ಮಾಲೀಕರಿಲ್ಲ. ಬೇರೆ ಬೇರೆ ದೇಶದವರು ಒಬ್ಬರ ಮುಖ ಒಬ್ಬರು ಕಾಣದೆ, ಬರೀ ಇ-ಮೇಲ್ ಬರೆಯುತ್ತ ಕಟ್ಟುತ್ತಾರೆ. ಒಳಗೆ ಬರೆದದ್ದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಹಂಚಬಹುದು. ಓಪನ್ ಸೋರ್ಸ್ ಅನ್ನುತ್ತಾರೆ. ವಿಂಡೋಸ್ ಇರುವ ಕಂಪ್ಯೂಟರಿನಲ್ಲೂ ಲಿನಕ್ಸ್ ಇರುವುದರಲ್ಲೂ ಒಂದೇ ಥರ ಓಡುತ್ತದೆ. ಪೋಲೆಂಡ್ ದೇಶದ ಮಾರ್ತಾ ಎಂಬವಳು ಎಲ್ಲರ ಕೆಲಸವನ್ನು ಒಂದು ಕಡೆ ಸೇರಿಸುತ್ತಾಳೆ. ಅವಳಿಗೂ ಕಣ್ಣು ಕಾಣುವುದಿಲ್ಲ.

ಬದುವಿನ ಮೇಲೆ ಕುಳಿತಾಗಲೇ ನನಗೆ ಒಂದು ಹೊಸ ಆಟ ಹೊಳೆಯಿತು. ಹೆಸರು ಹಟ್ಟಿ. ಕುರಿಗಳು ಎಡಕ್ಕೆ, ಬಲಕ್ಕೆ, ದೂರದಲ್ಲಿ ಒದರುತ್ತವೆ. ಒಂದು ಕಡೆ ಹಳ್ಳದ ನೀರು, ಇನ್ನೊಂದು ಕಡೆ ತೋಳ. ಆಡುವವನು ಸಪ್ಪಳ ಹಿಡಿದು ನಡೆದು, ಹೊತ್ತು ಮುಳುಗುವುದರೊಳಗೆ ಎಲ್ಲವನ್ನೂ ಹಟ್ಟಿಗೆ ಹೊಡೆದು ಬಾಗಿಲಿಗೆ ತಡಿಕೆ ಹಾಕಬೇಕು. ಯಾವುದಾದರೂ ಹೊರಗೆ ಉಳಿದರೆ ಸೋತಂತೆ. ಆಟವನ್ನು ನಾನೇ ಬರೆದಿದ್ದೇನೆ. ಒತ್ತಿದ ಅಕ್ಷರವನ್ನು ಕಂಪ್ಯೂಟರು ಓದಿ ಹೇಳುತ್ತದೆ, ಹಾಗಾಗಿ ಅಡ್ಡಿಯಿಲ್ಲ. ತಮ್ಮ ಶ್ರೇಯಸ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದಾನೆ. ಅವನು ಅಲ್ಲಿಂದ ಇಂಟರ್‌ನೆಟ್ಟಿಗೆ ಕಳಿಸುತ್ತಾನೆ.

ನನಗೆ ನಿಮ್ಮ ಕುರಿಗಳ ಸಪ್ಪಳ ಬೇಕು. ಆಟದಲ್ಲಿ ಕನ್ನಡ ಮಾತಾಡುವ ಧ್ವನಿಯೂ ಬೇಕು. ಅದು ನಿನ್ನದಾಗಬೇಕು. ಟೇಪ್‌ರೆಕಾರ್ಡರನ್ನು ಗೋಕಾಕ ಬಸ್ಸಿನ ಕಂಡಕ್ಟರ್ ಸತ್ಯಪ್ಪನ ಕೈಯಲ್ಲಿ ಕಳಿಸಿದ್ದೇನೆ. ಹೇಳಬೇಕಾದ ಮಾತುಗಳ ಚೀಟಿ ಅದರ ಚೀಲದಲ್ಲಿದೆ. ಇಲ್ಲ ಅನ್ನಬೇಡ.

ನಿನ್ನ
ಪ್ರಣಿತಾ


ನಾಗನೂರ
24 ಜೂನ್ 2007

ಪ್ರಣಿತಾ ಅಕ್ಕನಿಗೆ, ಮತ್ತು ಮೊದಲು ಓದುವ ಜಿನ್ನವ್ವ ಕಾಕುಗೆ, ಭಾಗ್ಯಾಳ ನಮಸ್ಕಾರ.

ನಾನು ನಾಲ್ಕನೇ ಇಯತ್ತೆಯವರೆಗೆ ಮಾತ್ರ ಸಾಲಿಗೆ ಹೋದವಳು. ತಪ್ಪಿದ್ದರೆ ಕಾಕು ತಿದ್ದಿಕೊಂಡು ಓದಬೇಕು. ಮಾತಾಡುವಾಗ ಎದುರಿನವರು ಮುಖ ನೋಡುತ್ತಾರೆ, ನಾಲಿಗೆ ಒಳಗೆ ಹೋಗಿಬಿಡುತ್ತದೆ. ಬರೆಯುವಾಗ ಯಾರೂ ನೋಡುವುದಿಲ್ಲ. ಅಕ್ಕ, ನೀವು ನನ್ನ ಮುಖ ನೋಡುವುದಿಲ್ಲವಲ್ಲ, ಆದರೂ ನಿಮ್ಮ ಮುಂದೆ ಏಕೆ ಮಾತು ಬರಲಿಲ್ಲವೋ ನನಗೂ ಗೊತ್ತಿಲ್ಲ.

ಟೇಪ್‌ರೆಕಾರ್ಡರು ಮುಟ್ಟಿತು. ಅಪ್ಪ ಅದನ್ನು ಹಿಂದೆ ಮುಂದೆ ಹೊರಳಿಸಿ ನೋಡಿ, "ಕುರಿ ಒದರಿದ್ದನ್ನ ಕೇಳಾಕ ಡಬ್ಬಿ ಯಾಕ? ಕಿವಿ ಇಲ್ಲನ ಅವರಿಗಿ?" ಅಂದ. ಅವರಿಗೆ ಇರುವುದೇ ಕಿವಿ ಅಂದೆ. ಅವನಿಗೆ ತಿಳಿಯಲಿಲ್ಲ, ಆದರೂ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ.

ಕುರಿಗಳು ನೀರು ಕುಡಿಯುವುದು, ಮರಿಗಳು ತಾಯಿಯನ್ನು ಹುಡುಕುವುದು, ಟಗರಿನ ಕೊರಳ ಗಂಟೆ ಎಲ್ಲ ಹಿಡಿದಿದ್ದೇನೆ. ಒಂದು ಕಡೆ ಕೆಟ್ಟಿದೆ. ಟೇಪು ಓಡುತ್ತಿರುವಾಗಲೇ ಕುರಿಗಳು ಬಾಜೂ ಹೊಲದ ಮಾಳಪ್ಪನ ಗೋಂಜಾಳದ ಬೆಳೆಗೆ ನುಗ್ಗಿದವು. ಅಪ್ಪ ಬೈಯುತ್ತ ಓಡಿದ್ದು ಅದರೊಳಗೆ ಸೇರಿಬಿಟ್ಟಿದೆ. "ಏ ನಿನ್ನ ಹೊಟ್ಟಿ ಸೀಳ್ಲಿ, ಮಾಳಪ್ಪನ ಗೋಂಜಾಳ ನಿಮ್ಮಪ್ಪ ಬಿತ್ತಿದ್ದನ?" ಎಂದು ಕೇಳುತ್ತದೆ. ಅಳಿಸಲು ನನಗೆ ಬರಲಿಲ್ಲ. ಶ್ರೇಯಸ ಅಣ್ಣ ಅಳಿಸಬೇಕು. ಪರದೇಶದವರಿಗೆ ಕೇಳಿಸಬಾರದು.

ಚೀಟಿಯಲ್ಲಿದ್ದ ಮಾತುಗಳನ್ನು ಹೇಳಲು ಮನೆಯಲ್ಲಿ ಆಗಲಿಲ್ಲ, ಹೊಲದಲ್ಲೂ ಆಗಲಿಲ್ಲ. ಕಡೆಗೆ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಟೇಪನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದೆ. ಮಧ್ಯಾಹ್ನದ ಬಿಸಿಲು, ಒಳಗೆ ಕುರಿಯ ವಾಸನೆ, ಬೆವರು ಸುರಿಯುತ್ತಿತ್ತು. ಹೊರಗೆ ಅಪ್ಪ ಯಾರಿಗೋ, "ನಮ್ಮ ಹುಡುಗಿಗಿ ಚಳಿಜ್ವರ ಬಂದೈತಿ" ಎಂದು ಹೇಳುತ್ತಿದ್ದ.

ಇಂತಿ
ಭಾಗ್ಯಾ


ಹುಕ್ಕೇರಿ
15 ಜುಲೈ 2007

ಭಾಗ್ಯಾ,

ನಿನ್ನ ಕ್ಯಾಸೆಟ್ಟನ್ನು ನಾನು ಎಷ್ಟು ಸಲ ಕೇಳಿದೆನೆಂದರೆ ಅವ್ವ ಅಡುಗೆ ಮನೆಯಿಂದಲೇ ಕುರಿಗಳ ಜೊತೆ ಒದರುತ್ತಾಳೆ. (ಸುಳ್ಳ. ಒಂದ ಸಲ.) ಕಂಬಳಿಯೊಳಗೆ ಹೇಳಿದ ಮಾತುಗಳು ಬಹಳ ಸ್ವಚ್ಛವಾಗಿ ಬಂದಿವೆ. ಶ್ರೇಯಸ ಈಗ ಕಾಲೇಜಿನಲ್ಲಿ ತನ್ನ ಧ್ವನಿ ಹಿಡಿಯುವಾಗ ಹಾಸ್ಟೆಲಿನ ಚಾದರ ಹೊದ್ದುಕೊಳ್ಳುತ್ತಾನಂತೆ. ಹಿಡಿದ ಸಪ್ಪಳಗಳ ಮೇಲೆ ಒಂದು, ಎರಡು ಎಂದು ಅಂಕಿ ಬರೆದು ಕಂಪ್ಯೂಟರಿನಲ್ಲಿ ಇಡುತ್ತಾನೆ.

ನಿಮ್ಮಪ್ಪ ಲಕ್ಕಪ್ಪ ಕಾಕಾನ ಬೈಗುಳವನ್ನು ಅಳಿಸಿಲ್ಲ, ತಪ್ಪು ತಿಳಿಯಬೇಡ. ಶ್ರೇಯಸ ಮರೆತು ಅದನ್ನೂ ಮಾರ್ತಾಗೆ ಕಳಿಸಿಬಿಟ್ಟ. ಇದು ಯಾರು, ಏನು ಹೇಳುತ್ತಿದ್ದಾರೆ ಎಂದು ಅವಳು ಕೇಳಿದಳು. ದಯವಿಟ್ಟು ಹಿಂದಕ್ಕೆ ಬನ್ನಿ ಎಂದು ಕುರಿಗಳನ್ನು ಕರೆಯುತ್ತಿದ್ದಾರೆ ಎಂದು ಬರೆದೆ. (ಬಸದಿಗಿ ಹೋಗಿ ಬಂದ ದಿನಾನ ಈ ಸುಳ್ಳ ಬರದ್ಲು ನೋಡ.) ಕುರಿ ದಾರಿ ತಪ್ಪಿದರೆ ಈಗ ಎಲ್ಲ ಭಾಷೆಗಳ ಆಟದಲ್ಲೂ ಲಕ್ಕಪ್ಪ ಕಾಕಾನ ಧ್ವನಿಯೇ ಬರುತ್ತದೆ. ಸ್ಪೇನಿನ ಒಬ್ಬನು ಅದನ್ನು ಬಾಯಿಪಾಠ ಮಾಡಿದ್ದಾನೆ.

ಇನ್ನು ಉಳಿದದ್ದು ಒಂದೇ ಕೆಲಸ. ಹೊರಗೆ ಇನ್ನೂ ಎಷ್ಟು ಕುರಿ ಉಳಿದಿವೆ ಎಂದು ಆಟ ಹೇಳುತ್ತಿರಬೇಕು. ಇಲ್ಲದಿದ್ದರೆ ಆಡುವವನಿಗೆ ತಡಿಕೆ ಯಾವಾಗ ಹಾಕಬೇಕೆಂದು ತಿಳಿಯುವುದಿಲ್ಲ. "ಇನ್ನು ಒಂದು ಕುರಿ ಹೊರಗಿದೆ, ಇನ್ನು ಎರಡು ಕುರಿ ಹೊರಗಿವೆ" ಹೀಗೆ ಇಪ್ಪತ್ತರ ತನಕ ಹೇಳಿ ಕಳಿಸು. ಉಳಿದ ಎಲ್ಲ ಭಾಷೆಗಳಲ್ಲೂ ಇದು ಆಗಿದೆ.

ದೀಪಾವಳಿಯ ಹೊತ್ತಿಗೆ ಆಟಗಳ ಹೊಸ ಕಟ್ಟು ಹೊರಗೆ ಬರುತ್ತದೆ. ಯಾವ ಭಾಷೆಯಲ್ಲಿ ಒಂದು ಮಾತು ಕಡಿಮೆ ಇದ್ದರೂ ಆ ಭಾಷೆಯನ್ನು ಬಿಡುತ್ತಾರೆ. ಅದರ ನಂತರದ್ದು ಯಾವಾಗಲೋ ಯಾರಿಗೂ ಗೊತ್ತಿಲ್ಲ. ಬೆಳಗಾವಿಯಲ್ಲಿ ನಾನು ಓದಿದ ಅಂಧ ಮಕ್ಕಳ ಶಾಲೆಗೆ ಈಗ ಕಂಪ್ಯೂಟರು ಬಂದಿವೆ. ಆದರೆ ಕನ್ನಡದಲ್ಲಿ ಆಡಲು ಅವರಿಗೆ ಒಂದು ಆಟವೂ ಇಲ್ಲ. ದೀಪಾವಳಿಗೆ ತಂದು ಕೊಡುತ್ತೇನೆ ಎಂದು ಅವರಿಗೆ ಹೇಳಿಬಿಟ್ಟಿದ್ದೇನೆ.

ನಿನ್ನ
ಪ್ರಣಿತಾ


ನಾಗನೂರ
29 ಜುಲೈ 2007

ಪ್ರಣಿತಾ ಅಕ್ಕನಿಗೆ,

ಈ ಕಾಗದ ಬರೆಯಲು ಬಹಳ ದಿನ ಹಿಡಿಯಿತು. ಅಕ್ಕ, ಎಣಿಕೆಯ ಮಾತನ್ನು ನಾನು ಹೇಳಲಾರೆ.

ನಮ್ಮ ಮನೆಯಲ್ಲಿ ಕುರಿಗಳನ್ನು ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂದು ಅಜ್ಜನ ಕಾಲದಿಂದ ನಂಬಿಕೆ. ಎಷ್ಟು ಕುರಿ ಅದಾವ ಎಂದು ಯಾರಾದರೂ ಕೇಳಿದರೆ ಅಪ್ಪ, "ದೇವರು ಕೊಟ್ಟಷ್ಟ ಅದಾವ್ರಿ" ಅನ್ನುತ್ತಾನೆ. ಸಂಜೆ ತಡಿಕೆಯ ಹತ್ತಿರ ನಿಂತು ಒಳಗೆ ಬರುವುದನ್ನು ನೋಡುತ್ತಾನೆ, ಆದರೆ ಬಾಯಲ್ಲಿ ಒಂದು ಅಂಕಿ ಬರುವುದಿಲ್ಲ, ಮನಸ್ಸಿನಲ್ಲೂ ಇಲ್ಲವೆಂದು ಹೇಳುತ್ತಾನೆ.

ಕಂಬಳಿ ಹೊದ್ದು ಟೇಪಿನ ಗುಂಡಿ ಒತ್ತಿದ್ದು ಖರೆ. ಅಪ್ಪ ಆಗ ಮೂಡಲಗಿ ಸಂತೆಗೆ ಹೋಗಿದ್ದ, ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಇನ್ನು ಒಂದು ಕುರಿ ಎನ್ನುವಷ್ಟರಲ್ಲಿ ಹೊರಗೆ ಒಂದು ಒದರಿತು. ಟೇಪು ಬಂದ್ ಮಾಡಿಬಿಟ್ಟೆ. ಇದು ನಿಜವೋ ಸುಳ್ಳೋ ನನಗೆ ತಿಳಿಯದು. ಆದರೆ ಆ ಕುರಿಗಳ ನಡುವೆಯೇ ಕುಳಿತು ಅವುಗಳ ಮೇಲೆ ಅಂಕಿ ಹಾಕಲು ನನ್ನಿಂದ ಆಗಲಿಲ್ಲ.

ಬೇರೆ ಯಾವ ಮಾತು ಬೇಕಾದರೂ ಹೇಳುತ್ತೇನೆ.

ಭಾಗ್ಯಾ


ಹುಕ್ಕೇರಿ
8 ಆಗಸ್ಟ್ 2007

ಭಾಗ್ಯಾ,

ನಿಮ್ಮಪ್ಪನ ಕುರಿಗಳನ್ನು ಯಾರೂ ಎಣಿಸುತ್ತಿಲ್ಲ. ಕಂಪ್ಯೂಟರಿನ ಕುರಿಗಳಿಗೆ ಮೈಯಿಲ್ಲ, ರೋಗವಿಲ್ಲ, ಅವು ಸಾಯುವುದೂ ಇಲ್ಲ. ಇಷ್ಟು ಸಣ್ಣ ಮಾತಿಗಾಗಿ ನನ್ನ ಇಷ್ಟು ತಿಂಗಳ ಕೆಲಸ ನಿಲ್ಲುತ್ತದೆ. ನೀನು ತಿಳಿದುಕೊಳ್ಳುತ್ತೀಯ ಎಂದುಕೊಂಡಿದ್ದೆ.

ಇರಲಿ. ಎಣಿಕೆಗೆ ಬೇರೆಯವರ ಧ್ವನಿ ಹಾಕಿಕೊಳ್ಳುತ್ತೇನೆ.

ಅವ್ವ ನಡುವೆ ಏನೂ ಬರೆಯಕೂಡದೆಂದು ಹೇಳಿದ್ದೇನೆ.

ಪ್ರಣಿತಾ


ನಾಗನೂರ
20 ಆಗಸ್ಟ್ 2007

ಪ್ರಣಿತಾ ಅಕ್ಕನಿಗೆ,

ಕಂಪ್ಯೂಟರಿನ ಕುರಿಗಳಿಗೆ ಮೈಯಿಲ್ಲ ಎಂದು ಬರೆದಿರಿ. ಆದರೆ ಧ್ವನಿ ನಮ್ಮ ಕುರಿಗಳದ್ದೇ ಅಲ್ಲವೇ. ಅಷ್ಟೇ ನನ್ನ ಕಷ್ಟ.

ಟೇಪ್‌ರೆಕಾರ್ಡರನ್ನು ಸತ್ಯಪ್ಪನವರ ಕೈಯಲ್ಲಿ ಹಿಂದೆ ಕಳಿಸಲೇ? ನೀವು ಬರೆದು ತಿಳಿಸಿದರೆ ಕಳಿಸುತ್ತೇನೆ.

ಮಳೆ ಚೆನ್ನಾಗಿದೆ. ನೀವು ಹಿಡಿದಿದ್ದ ಮರಿ ಈಗ ಬಹಳ ಎತ್ತರವಾಗಿದೆ.

ಭಾಗ್ಯಾ


ಹುಕ್ಕೇರಿ
12 ಸೆಪ್ಟೆಂಬರ್ 2007

ನಮ್ಮ ಭಾಗ್ಯಾಗೆ ಜಿನ್ನವ್ವ ಕಾಕುನ ಆಶೀರ್ವಾದ.

ಈ ಕಾಗದವನ್ನು ಪ್ರಣಿತಾಗೆ ಹೇಳದೆ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದಾಗ ಓದಿ ಹೇಳಿದೆ. ಮರುದಿನ ಇನ್ನೊಮ್ಮೆ ಓದು ಅಂದಳು. ಆದರೂ ಉತ್ತರ ಬರೆಯೋಣ ಅನ್ನಲಿಲ್ಲ. ಹಠ ನಮ್ಮ ಮನೆತನದ್ದು, ನನ್ನ ತವರಿನದಲ್ಲ.

ಮೊನ್ನೆ ನಡೆದದ್ದನ್ನು ನಿನಗೆ ಹೇಳಲೇಬೇಕು. ಎಣಿಕೆಯ ಮಾತಿಗೆ ಪ್ರಣಿತಾ ತನ್ನ ನೇಮಣ್ಣ ಕಾಕಾನನ್ನು ಹಿಡಿದಳು. ಅವರದು ದೊಡ್ಡ ಧ್ವನಿ, ದಿನವಿಡೀ ಅಂಗಡಿಯಲ್ಲಿ ಕಾಳು ಅಳೆಯುವವರು, ಎಣಿಕೆಗೆ ಅವರಿಗಿಂತ ಬೇರೆ ಯಾರು ಬೇಕು ಎಂದು. ರಜೆಗೆ ಊರಿಗೆ ಬಂದಿದ್ದ ಶ್ರೇಯಸ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಇವರು ಕಣ್ಣು ಮುಚ್ಚಿ, ಸೇರು ಹಿಡಿದವರಂತೆ ಕೈ ಆಡಿಸುತ್ತ, "ಇನ್ನು ಲಾಭ ಕುರಿ ಹೊರಗದಾವ, ಇನ್ನು ಎರಡು ಕುರಿ ಹೊರಗದಾವ" ಎಂದು ಗಡಗಡ ಹೇಳಿ ಮುಗಿಸಿದರು.

ನಮ್ಮ ಅಂಗಡಿಗಳಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ನಿಮ್ಮಪ್ಪನಿಗೆ ಕೇಳು, ಗೊತ್ತಿರುತ್ತದೆ.

ಶ್ರೇಯಸ, "ಕಾಕಾ, ಒಂದು ಅನ್ರಿ" ಅಂದ.

"ಅದನ್ನ ಅಂದೆಲ್ಲೋ."

"ಲಾಭ ಅಂದ್ರಿ."

"ಹೂಂ ಮತ್ತ. ಅಂಗಡ್ಯಾಗ ಬೇರೆ ಏನ ಅಂತಾರ? ನಮ್ಮಪ್ಪ ಲಾಭ ಅಂದಾನ, ಅವರಪ್ಪ ಲಾಭ ಅಂದಾನ."

"ಇದು ಅಂಗಡಿ ಅಲ್ರಿ, ಹಟ್ಟಿ. ಕುರಿ ಕಳದೈತಿ, ಲಾಭ ಹೆಂಗ ಆಕೈತಿ?"

ಮತ್ತೆ ಹೇಳಿಸಿದ. ಮತ್ತೆ ಲಾಭ. ಇನ್ನೊಮ್ಮೆ ಹೇಳಿಸಿದ. ಆಗ ನೇಮಣ್ಣನವರಿಗೆ ಸಿಟ್ಟು ಬಂತು. "ನಾಲಿಗಿ ಹೊಳ್ಳವಲ್ದೋ ಹುಡುಗಾ. ಎರಡರಿಂದ ಹಿಡಿ, ಬೇಕಾದಷ್ಟು ಹೇಳತೇನಿ. ಮೊದಲನೇದಕ್ಕ ನಾ ಬ್ಯಾರೆ ಅನ್ನೂದಿಲ್ಲ. ಅಂದ್ರ ಅವತ್ತು ಅಂಗಡ್ಯಾಗ ಸೇರು ಮುಟ್ಟಾಕ ನನಗ ಮನಸ್ಸ ಬರೂದಿಲ್ಲ."

ಇದನ್ನೆಲ್ಲ ಕೇಳುತ್ತ ಕುಳಿತಿದ್ದ ಪ್ರಣಿತಾ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು. ಶ್ರೇಯಸ, "ಬಿಡ ಅಕ್ಕಾ, ನಾನ ಎಣಸತೇನಿ, ಎರಡ ನಿಮಿಷದ ಕೆಲಸ" ಅಂದ.

"ಬ್ಯಾಡ" ಅಂದಳು. "ನಮ್ಮ ಕಾಕಾಗ ಒಂದು ಅನ್ನಾಕ ಬರವಲ್ದು, ನಾವೆಲ್ಲಾ ನಕ್ಕು ಸುಮ್ಮನಾದ್ವಿ. ಆ ಹುಡುಗಿಗಿ ನಾ ಏನ ಬರಸೇನಿ ಗೊತ್ತನ ನಿನಗ?"

ಎದ್ದು ಒಳಗೆ ಹೋದಳು. ಊಟಕ್ಕೂ ಬೇಗ ಬರಲಿಲ್ಲ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕಾದ ಜೈನರ ಮನೆಯಲ್ಲಿ ಹೀಗೆ ಮುನಿಸಿಕೊಂಡು ಕೂತರೆ ನನ್ನ ಗತಿಯೇನು. ಈಗಲೂ ಹೊತ್ತು ಇಳಿಯುತ್ತಿದೆ, ಬಡಿಸಬೇಕು.

ಟೇಪ್‌ರೆಕಾರ್ಡರು ಕಳಿಸಬೇಡ.

ಜಿನ್ನವ್ವ


ಹುಕ್ಕೇರಿ
23 ಸೆಪ್ಟೆಂಬರ್ 2007

ಭಾಗ್ಯಾ,

ಎಣಿಕೆಯನ್ನು ಕನ್ನಡದ ಆಟದಿಂದ ತೆಗೆದುಹಾಕಿದೆ. ಇದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು.

ನನ್ನ ಆಗಸ್ಟಿನ ಕಾಗದವನ್ನು ಹರಿದು ಒಲೆಗೆ ಹಾಕು. (ನಾ ಬರಿಯೂ ಮುಂದನ ಹೇಳಿದ್ನಿ.)

ಎಣಿಕೆ ಇಲ್ಲದೆ ಆಡುವವನಿಗೆ ಹೇಗೆ ತಿಳಿಯಬೇಕು ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಒಂದು ಸಂಜೆ ಪಡಸಾಲೆಯಲ್ಲಿ ಕುಳಿತಿದ್ದೆ. ಅವ್ವ ಒಳಗಿದ್ದಳು, ಕಾಕಾ ಬಂದರು, ಅಪ್ಪ ಬಂದರು. ಹೊರಗೆ ಹೋದ ಶ್ರೇಯಸ ಇನ್ನೂ ಬಂದಿಲ್ಲ ಅನ್ನಿಸಿತು. ಅದು ನನಗೆ ಹೇಗೆ ಗೊತ್ತಾಯಿತು? ಮನೆಮಂದಿಯನ್ನು ನಾನು ಎಣಿಸಿರಲಿಲ್ಲ. ಅವನ ಚಪ್ಪಲಿ ಎಳೆಯುವ ಸಪ್ಪಳ ಬಂದಿರಲಿಲ್ಲ, ಅಷ್ಟೇ.

ಈಗ ಆಟದಲ್ಲಿ ಒಂದೇ ಕುರಿಯ ಧ್ವನಿಯನ್ನು ಎಲ್ಲದಕ್ಕೂ ಹಾಕಿದ್ದೇವೆ. ಅದಕ್ಕೇ ಎಣಿಸಬೇಕಾಯಿತು. ಪ್ರತಿಯೊಂದಕ್ಕೂ ಅದರದೇ ಧ್ವನಿ, ಅದರದೇ ಹೆಸರು ಇದ್ದರೆ ಯಾವುದು ಬಂದಿಲ್ಲ ಎಂದು ಕಿವಿಗೇ ತಿಳಿಯುತ್ತದೆ.

ಮಾರ್ತಾ ಒಪ್ಪುತ್ತಿಲ್ಲ. ಹೊಸಬರು ಗೊಂದಲಕ್ಕೆ ಬೀಳುತ್ತಾರೆ, ಆಟವನ್ನು ಅರ್ಧಕ್ಕೆ ಬಿಡುತ್ತಾರೆ ಅನ್ನುತ್ತಾಳೆ. ಅವಳ ಮಾತಿನಲ್ಲೂ ಹುರುಳಿದೆ. ಕಡೆಗೆ ಒಂದು ಷರತ್ತು ಹಾಕಿದಳು. ಕಂಪ್ಯೂಟರು ಮುಟ್ಟಿಯೇ ಇರದ, ಕಣ್ಣು ಕಾಣದ ಒಬ್ಬರು ಬೇರೆಯವರ ಸಹಾಯವಿಲ್ಲದೆ ಆಡಿ ಮುಗಿಸಬೇಕು. ಮುಗಿಸಿದರೆ ಕನ್ನಡ ಸೇರುತ್ತದೆ. ಇಲ್ಲವಾದರೆ ಈ ಸಲ ಇಲ್ಲ. ನಮ್ಮ ಓಣಿಯ ಕೇದಾರಿ ಮಾಮಾನನ್ನು ಒಪ್ಪಿಸಿದ್ದೇನೆ. ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತಾರೆ, ಹುಟ್ಟಿನಿಂದ ಕಣ್ಣಿಲ್ಲ, ಅವ್ವನ ಮಿಕ್ಸರಿಗೂ ಹೆದರುತ್ತಾರೆ.

ಒಂದೊಂದು ಕುರಿಯ ಧ್ವನಿಯನ್ನು ಬೇರೆ ಬೇರೆಯಾಗಿ ಹಿಡಿದು ಕಳಿಸಲು ಆಗುತ್ತದೆಯೇ? ನಿಮ್ಮಪ್ಪನನ್ನು ಕೇಳಿಯೇ ಮಾಡು. ಅವರು ಬೇಡ ಅಂದರೆ ಬೇಡ. ಮಕ್ಕಳಿಗೆ ನಾನೇ ಹೋಗಿ ಹೇಳುತ್ತೇನೆ.

ನಿನ್ನ
ಪ್ರಣಿತಾ


ನಾಗನೂರ
7 ಅಕ್ಟೋಬರ್ 2007

ಪ್ರಣಿತಾ ಅಕ್ಕನಿಗೆ, ಜಿನ್ನವ್ವ ಕಾಕುಗೆ,

ಒಲೆಗೆ ಹಾಕಿದೆ. ಅದರ ಮೇಲೆ ಚಹಾ ಕಾಯಿಸಿಕೊಂಡು ಕುಡಿದೆವು.

ಅಪ್ಪನನ್ನು ಕೇಳಿದೆ. ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ನಾನು ಅವನ ಜೊತೆ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಇಲ್ಲವೇ ಇಲ್ಲ. ನೀವು ಎಣಿಕೆ ತೆಗೆದಿರಿ ಎಂದಾಗ ಬೀಡಿ ಆರಿಸಿ ಕುಳಿತ.

"ನನ್ನ ಮಾತಿಗಿ ತಗದ್ರನ?"

"ಹೂಂ."

"ಅಂಗಡಿ ನೇಮಣ್ಣ ಸಾವ್ಕಾರ್ರ ಮನ್ಯಾಗ?"

"ಅವರೂ ಒಂದು ಅನ್ನೂದಿಲ್ಲಂತ ಯಪ್ಪಾ. ಲಾಭ ಅಂತಾರಂತ."

"ಅದು ಖರೆ. ನಮ್ಮ ಕಾಳ ಅಳಿಯೂಮುಂದ ಕೇಳೇನಿ." ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. "ಒಂದೊಂದ ಹಿಡದ್ರ ಅದೂ ಎಣಿಸಿದಂಗ ಆಗೂದಿಲ್ಲನ?"

ಹೆಸರು ಹಿಡಿದು ಕರೆಯುವುದು, ಅಂಕಿ ಅಲ್ಲ ಅಂದೆ.

"ಹೆಸರ ಕರಿಯಾಕ ಏನ ಅಡ್ಡಿಲ್ಲ. ದಿನಾ ಕರೀತೇವಿ. ಆದ್ರ ಆ ಡಬ್ಬಿ ತಾನ ಎಣಿಸಿಕೊಂಡ್ರ?"

ಅಕ್ಕನಿಗೆ ಬರೆದು ಹೇಳುತ್ತೇನೆ ಅಂದೆ. ಶ್ರೇಯಸ ಅಣ್ಣ ಕಂಪ್ಯೂಟರಿನಲ್ಲಿ ಇಡುವಾಗ ಒಂದು, ಎರಡು ಎಂದು ಬರೆದು ಇಡುತ್ತಾರೆಂದು ನೀವು ಹಿಂದೆ ಬರೆದಿದ್ದಿರಿ. ಹಾಗೆ ಮಾಡಬಾರದು. ಒಂದೊಂದರ ಮೇಲೂ ಅದರ ಹೆಸರನ್ನೇ ಬರೆಯಬೇಕು. ಒಪ್ಪಿದರೆ ಮಾತ್ರ ಈ ಕ್ಯಾಸೆಟ್ಟನ್ನು ಬಳಸಬೇಕು. ಅಪ್ಪನಿಗೆ ಮಾತು ಕೊಟ್ಟಿದ್ದೇನೆ.

ಧ್ವನಿ ಹಿಡಿಯಲು ಅಪ್ಪನೇ ಕುಳಿತ. ಅವನು ಒಂದೊಂದನ್ನು ಎಳೆದು ತಂದು ಮೊಣಕಾಲಿನ ನಡುವೆ ಹಿಡಿಯುವುದು, ನಾನು ಹೆಸರು ಹೇಳಿ ಟೇಪು ಮುಂದೆ ಹಿಡಿಯುವುದು. ನಾನು ಕಂಬಳಿ ತೆಗೆದುಕೊಂಡರೆ, "ಅದನ್ನ ಹೊದ್ದರ ಕುರಿ ಹೆದರತಾವ. ಜೋರಾಗಿ ಹೇಳ, ಅದಕ್ಕ ತನ್ನ ಹೆಸರು ಕೇಳಬೇಕಲ್ಲ" ಅಂದ. ಕರಿಮೂತಿ, ಬೆಳವಿ, ಕೋಡಗಿ, ಮೋಟಕಿವಿ ಎಂದು ಅಪ್ಪನ ಮುಂದೆಯೇ ಹೇಳಿದೆ. ಕೆಲವು ಟೇಪು ಕಂಡರೆ ಬಾಯಿಯೇ ಬಿಡಲಿಲ್ಲ. ಅಪ್ಪ, "ಇದೂ ನಿನ್ನಂಗ ಐತಿ" ಅಂದ. ದೊಡ್ಡ ಟಗರು ಮೈಕನ್ನು ನೆಕ್ಕಿದೆ. ಆ ಕಡೆ ಸ್ವಲ್ಪ ಗರಗರ ಕೇಳುತ್ತದೆ.

ಕೇದಾರಿ ಮಾಮಾನಿಗೆ ಆಗದಿದ್ದರೆ ಏನು ಮಾಡುವುದು ಎಂಬುದೊಂದೇ ನನ್ನ ಚಿಂತೆ. ಎಣಿಕೆ ಇದ್ದಿದ್ದರೆ ಹಾದಿ ಸುಲಭವಿತ್ತು. ನಮ್ಮ ಮನೆಯ ಮಾತಿಗಾಗಿ ಬೆಳಗಾವಿಯ ಮಕ್ಕಳ ಆಟ ತಪ್ಪಬಾರದು.

ನಿಮ್ಮ
ಭಾಗ್ಯಾ


ಹುಕ್ಕೇರಿ
29 ಅಕ್ಟೋಬರ್ 2007

ಭಾಗ್ಯಾ,

ನಿನ್ನೆ ಕೇದಾರಿ ಮಾಮಾನನ್ನು ನಿಡಸೋಸಿಗೆ, ಶ್ರೇಯಸನ ಕಾಲೇಜಿಗೆ ಕರೆದುಕೊಂಡು ಹೋಗಿದ್ದೆವು. ಹೆಸರುಗಳನ್ನು ಶ್ರೇಯಸ ನೀನು ಹೇಳಿದಂತೆಯೇ ಇಟ್ಟಿದ್ದಾನೆ. ಒಂದು ಅಂಕಿಯೂ ಇಲ್ಲ. ಕರಿಮೂತಿ ಎಂದು ಬರೆಯಲು ಬೇರೆ ದೇಶದವರು ಪಡುವ ಪಾಡನ್ನು ಇನ್ನೊಮ್ಮೆ ಬರೆಯುತ್ತೇನೆ.

ಮಾಮಾ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದರು. ಕೀಬೋರ್ಡನ್ನು ತಡವಿ, "ಇದೂ ಪೇಟಿ ಇದ್ದಂಗ ಐತೆಲ್ಲ. ಇದರಾಗ ಸಾ ಎಲ್ಲೈತಿ?" ಅಂದರು. ನಡೆಯುವ ಗುಂಡಿಗಳನ್ನೂ ತಡಿಕೆ ಹಾಕುವ ಉದ್ದನೆಯ ಗುಂಡಿಯನ್ನೂ ತೋರಿಸಿದೆ. ಅಲ್ಲಿಂದ ಮುಂದೆ ಯಾರೂ ಬಾಯಿ ತೆಗೆಯುವಂತಿರಲಿಲ್ಲ. ಅವರು ಹೆಡ್‌ಫೋನ್ ಹಾಕಿಕೊಂಡರು. ನಮಗೆ ಸ್ಪೀಕರಿನಲ್ಲಿ ಕೇಳುತ್ತಿತ್ತು.

ಮೊದಲು ನಿನ್ನ ಧ್ವನಿ ಒಂದೊಂದರ ಹೆಸರು ಹೇಳಿತು, ಹೆಸರಿನ ಹಿಂದೆ ಅದರ ಒದರಾಟ. ಮಾಮಾ ತಲೆ ಆಡಿಸುತ್ತ ಕೇಳಿದರು. ಆಮೇಲೆ ನಡೆಯತೊಡಗಿದರು. ಎರಡು ಸಲ ಹಳ್ಳಕ್ಕೆ ಬಿದ್ದರು. ತೋಳ ಬಂದಾಗ ಕುರ್ಚಿಯ ಮೇಲೆ ಕಾಲು ಎತ್ತಿಕೊಂಡರು. ಲಕ್ಕಪ್ಪ ಕಾಕಾನ ಕೈಯಲ್ಲಿ ಬೈಸಿಕೊಂಡು, "ಯಾರಪಾ ಇವ, ಬೀಗರ ಮನ್ಯಾಗ ಬೈದಂಗ ಬೈತಾನ" ಅಂದರು. ಆದರೂ ಬಿಡಲಿಲ್ಲ. ಕುರಿಗಳು ಒಂದೊಂದಾಗಿ ಹಟ್ಟಿ ಸೇರುತ್ತ ಬಂದವು.

ಹೊರಗೆ ಸಪ್ಪಳ ನಿಂತಿತು. ಮಾಮಾ ಬೆರಳನ್ನು ಉದ್ದನೆಯ ಗುಂಡಿಯ ಮೇಲೆ ಇಟ್ಟರು. ಎಲ್ಲವೂ ಬಂದಿವೆ ಎಂದು ನಾನೂ ಅಂದುಕೊಂಡೆ. ಆಟ ಬರೆದವಳು ನಾನು, ಒತ್ತಿರಿ ಮಾಮಾ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಅವರು ಒತ್ತಲಿಲ್ಲ. ಆಟದಲ್ಲಿ ಹೊತ್ತು ಮುಳುಗುವ ಹಕ್ಕಿಗಳ ಸಪ್ಪಳ ಶುರುವಾಯಿತು. ಶ್ರೇಯಸ ಪರದೆಯ ಮೇಲೆ ಏನನ್ನೋ ಕಂಡು ಮಾತಾಡಲು ಉಸಿರು ಎಳೆದ. ನಾನು ಅವನ ಕಾಲು ತುಳಿದೆ. (ಇನ್ನೂ ಕುಂಟಾಕತ್ತಾನ.)

"ಒಂದು ಮೂಗಿನಾಗ ಒದರತಿತ್ತಲ್ಲ" ಅಂದರು ಮಾಮಾ, ತಮ್ಮಷ್ಟಕ್ಕೇ. "ನೆಗಡಿ ಆದವರು ಆಲಾಪ ಮಾಡಿದಂಗ. ಅದು ಬರಲಿಲ್ಲ."

ಹಿಂದಕ್ಕೆ ತಿರುಗಿ ನಡೆದರು. ಹಳ್ಳದ ಆಚೆ, ನೀರಿನ ಸಪ್ಪಳದ ಅಡಿಯಲ್ಲಿ ಬಹಳ ಸಣ್ಣಗೆ ಅದು ಒದರುತ್ತಿತ್ತು. ಮೋಟಕಿವಿ. ಹೋದರು, ಹೊಡೆದುಕೊಂಡು ಬಂದರು, ತಡಿಕೆ ಹಾಕಿದರು. ಹೆಡ್‌ಫೋನ್ ತೆಗೆದು, "ಚಹಾ ಕೊಡತೀರೇನ್ರಿ ಇಲ್ಲಿ?" ಅಂದರು.

ಮಾರ್ತಾಳ ಉತ್ತರ ರಾತ್ರಿಯೇ ಬಂದಿದೆ. ಕನ್ನಡ ಸೇರಿತು. ಬೇರೆ ಭಾಷೆಗಳಲ್ಲಿ ಎಣಿಕೆ ಹಾಗೇ ಇರುತ್ತದೆ, ಬೇಡವಾದವರು ಅದನ್ನು ಬಂದ್ ಮಾಡಬಹುದು. ಕನ್ನಡದ ಹಟ್ಟಿಯಲ್ಲಿ ಎಣಿಕೆ ಇಲ್ಲ. ನಾಳೆ ಸಿ.ಡಿ. ಹಿಡಿದುಕೊಂಡು ಬೆಳಗಾವಿಗೆ ಹೊರಟಿದ್ದೇನೆ. ಆಟ ಕಟ್ಟಿದವರ ಹೆಸರುಗಳಲ್ಲಿ ನಿನ್ನದನ್ನೂ ಸೇರಿಸಿದ್ದೇನೆ. ನೀನು ನಾಚಿಕೊಳ್ಳುತ್ತೀಯ ಎಂದು ಕೇಳದೆಯೇ ಸೇರಿಸಿದೆ.

ನಿನ್ನ
ಪ್ರಣಿತಾ


ನಾಗನೂರ
11 ನವೆಂಬರ್ 2007

ಪ್ರಣಿತಾ ಅಕ್ಕನಿಗೆ, ಜಿನ್ನವ್ವ ಕಾಕುಗೆ,

ಹಬ್ಬದ ಮುಂಚಿನ ದಿನ ನಿಮ್ಮ ಕಾಗದ ಬಂತು. ಮೊದಲು ಒಬ್ಬಳೇ ಓದಿಕೊಂಡೆ. ಕೇದಾರಿ ಮಾಮಾ ಗುಂಡಿಯ ಮೇಲೆ ಬೆರಳು ಇಟ್ಟ ಕಡೆ ಮುಂದೆ ಓದಲು ಧೈರ್ಯ ಬರಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದು ಓದಿದೆ.

ಸಂಜೆ ಅಪ್ಪ ರೊಟ್ಟಿ ತಿನ್ನಲು ಕುಳಿತಾಗ ಅವನಿಗೂ ಓದಿ ಹೇಳಿದೆ. ಗಟ್ಟಿಯಾಗಿಯೇ ಓದಿದೆ. ಬಾಜೂ ಹೊಲದ ಮಾಳಪ್ಪನೂ ಬಂದು ಕುಳಿತಿದ್ದ, ಆದರೂ ಓದಿದೆ. ಬೀಗರ ಮನೆಯ ಬೈಗುಳದ ಮಾತಿಗೆ ಮಾಳಪ್ಪ ನಕ್ಕ, ಅಪ್ಪ ನಗಲಿಲ್ಲ. ಕನ್ನಡ ಸೇರಿತು ಎಂದು ಓದಿದಾಗಲೂ ರೊಟ್ಟಿ ಮುರಿಯುತ್ತಲೇ ಇದ್ದ. ಬೇರೆಯದೇನನ್ನೋ ಯೋಚಿಸುತ್ತಿದ್ದ.

"ಹಿಂದ ಉಳಿದದ್ದು ಯಾವುದಂದಿ?"

"ಮೋಟಕಿವಿ."

"ಎಲ್ಲಿತ್ತು?"

"ಹಳ್ಳದ ಆಚೀಕ."

"ಹೂಂ. ಮತ್ತೆಲ್ಲಿರತೈತಿ ಅದು."

ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ಹಟ್ಟಿಯ ಕಡೆಗೆ ನಡೆದ. ತಡಿಕೆ ಸರಿಸಿ ಒಳಗೆ ಹೋದದ್ದು ಕೇಳಿಸಿತು. ಕುರಿಗಳು ಅತ್ತಿತ್ತ ಸರಿದು ದಾರಿ ಬಿಟ್ಟವು. ಮೋಟಕಿವಿ ಒಮ್ಮೆ ಮೂಗಿನಲ್ಲಿ ಒದರಿತು, ಅದರ ಹಿಂದೆಯೇ ಅದಕ್ಕೆ ಹೇಳುವ ಅಪ್ಪನ ಧ್ವನಿ ಬಂತು, ಬೈಗುಳವೂ ಅಲ್ಲ, ಮುದ್ದೂ ಅಲ್ಲ.

"ಪೋಲೆಂಡ್ ಮಟಾ ನಮ್ಮ ಮರ್ಯಾದಿ ಕಳದೆಲ್ಲ ಮಗಳ."

ನಿಮ್ಮ
ಭಾಗ್ಯಾ